ಖಾಲಿ ಬಾಟಲಿಯ ಲೆಕ್ಕ

ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಸೋದರಿಯೊಬ್ಬರು ಬರೆದಿದ್ದಾರೆ: ‘ಮನೆಯಿಂದ ಡಬ್ಬಿ ತಂದು ಎಣ್ಣೆ, ಬೇಳೆ, ಸಾಬೂನು ಪುಡಿ ತುಂಬಿಸಿಕೊಂಡು ಹೋಗುವಂಥ ಅಂಗಡಿಯೊಂದನ್ನು ನಮ್ಮ ವಸತಿ ಸೊಸೈಟಿಯ ನಾಲ್ವರು ಗೃಹಿಣಿಯರು ಸೇರಿ ತೆರೆದೆವು. ಎಂಟೇ ತಿಂಗಳಲ್ಲಿ ಮುಚ್ಚಬೇಕಾಯಿತು. ಹತ್ತು ನಿಮಿಷದಲ್ಲಿ, ಅದೂ ಕಡಿಮೆ ಬೆಲೆಗೆ, ಆ್ಯಪ್‌ನವರು ಬಾಗಿಲಿಗೆ ತಂದು ಕೊಡುವಾಗ ಡಬ್ಬಿ ಹಿಡಿದು ಯಾರು ಬರುತ್ತಾರೆ? ಪರಿಸರಸ್ನೇಹಿ ಸಣ್ಣ ವ್ಯಾಪಾರ ಎಂದು ನೀವು ಬರೆಯುವುದೆಲ್ಲ ಉಳ್ಳವರ ಶೋಕಿ. ಇನ್ನಾದರೂ ನಿಲ್ಲಿಸಿ.’

ನಿಲ್ಲಿಸಲಾರೆ ತಂಗೀ. ಬೆಲೆಯ ಮಾತು ಒಪ್ಪಿದೆ. ತಿಂಗಳ ಕೊನೆಯಲ್ಲಿ ಕೈ ಬಿಗಿಯಾದವರು ಎರಡು ರೂಪಾಯಿ ಕಡಿಮೆ ಇರುವ ಕಡೆಗೇ ಹೋಗುತ್ತಾರೆ, ಅವರನ್ನು ದೂರಬಾರದು. ಆದರೆ ‘ಶೋಕಿ’ ಎಂದಿರಲ್ಲ, ಆ ಮಾತಿಗೆ ಮನಸ್ಸು ನೊಂದಿತು.

ಮುಂಬಯಿಯ ಪರೇಲಿನ ಚಾಳಿನಲ್ಲಿ, ಅಂದರೆ ಸಾಲುಕೋಣೆಗಳ ವಠಾರದಲ್ಲಿ, ನಾನು ಹುಡುಗನಾಗಿದ್ದಾಗ ನಸುಕಿಗೆದ್ದು ಆರೆ ಹಾಲಿನ ಕೇಂದ್ರದ ಮುಂದೆ ಸಾಲು ನಿಲ್ಲುವುದು ನನ್ನ ಪಾಲಿನ ಕೆಲಸ. ದಪ್ಪ ಗಾಜಿನ ಬಾಟಲಿ, ಅದಕ್ಕೆ ಬಣ್ಣದ ತಗಡಿನ ಹಾಳೆಯ ಮುಚ್ಚಳ. ಖಾಲಿ ಬಾಟಲಿ ಕೊಟ್ಟರೆ ತುಂಬಿದ್ದು. ಒಮ್ಮೆ ಮೆಟ್ಟಿಲಲ್ಲಿ ಬಾಟಲಿ ಒಡೆದು ಅಮ್ಮನಿಂದ ತಿಂದ ಪೆಟ್ಟು ಇಂದಿಗೂ ನೆನಪಿದೆ. ನಮ್ಮ ಚಾಳಿನಲ್ಲಿ ಉಳ್ಳವರು ಯಾರಿದ್ದರು ಹೇಳಿ? ಬಟ್ಟೆ ಗಿರಣಿಯವರು, ಹೋಟೆಲ್ ಮಾಣಿಗಳು. 1949ರಲ್ಲಿ ಶುರುವಾದ ಆರೆ ಕಾಲನಿಯ ಹಾಲು ಇಂಥವರ ಮನೆಗೂ ಗಾಜಿನಲ್ಲೇ ಬರುತ್ತಿತ್ತು.

2018ರಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ ಚೀಲ, ಥರ್ಮೊಕೋಲ್ ತಟ್ಟೆಗಳನ್ನು ನಿಷೇಧಿಸಿದಾಗ, ಖಾಲಿ ಹಾಲಿನ ಪ್ಯಾಕೆಟ್ಟಿಗೆ ಕನಿಷ್ಠ 50 ಪೈಸೆ ಕೊಟ್ಟು ಮರಳಿ ಪಡೆಯಬೇಕೆಂದೂ ನಿಯಮ ಮಾಡಿತು. ನಾನು ಒಂದು ತಿಂಗಳ ಪ್ಯಾಕೆಟ್ ತೊಳೆದು ಒಣಗಿಸಿ ಒಯ್ದೆ. ಅಂಗಡಿಯಾತ ಕೈಯಲ್ಲಿ ಹಿಡಿದು ನೋಡಿ, ‘ನಾನು ತಗೊಂಡು ಯಾರಿಗೆ ಕೊಡಲಿ ಅಣ್ಣಾ?’ ಎಂದ. ನಿಯಮವಿತ್ತು. ಮರಳಿ ಒಯ್ಯುವ ಕೈ ಇರಲಿಲ್ಲ.

ಆ ಕೈ ಎಂಥದೆಂದು ನೋಡಬೇಕಾದರೆ, ಮನೆಯೂಟದ ಡಬ್ಬಿಯನ್ನು ಕಚೇರಿಗೆ ಮುಟ್ಟಿಸುವ ಮುಂಬಯಿಯ ಡಬ್ಬಾವಾಲಾರನ್ನು ನೋಡಿ. 1890ರಿಂದ ನಡೆದುಬಂದ ಕಸುಬು. ಸೈಕಲ್ಲು, ಲೋಕಲ್ ರೈಲು, ತಲೆಹೊರೆ, ಇಷ್ಟೇ ಬಂಡವಾಳ. ಮಧ್ಯಾಹ್ನ ಊಟ ಮುಟ್ಟಿದ ಡಬ್ಬಿ ಅಂದೇ ಮನೆಗೆ ಮರಳುತ್ತದೆ, ಏಕೆಂದರೆ ಕೊಟ್ಟಾಕೆಯ ಮುಖವನ್ನು ನಾಳೆ ಬೆಳಿಗ್ಗೆ ಮತ್ತೆ ನೋಡಬೇಕು. ನಿಮ್ಮ ಆ್ಯಪ್‌ನ ಹುಡುಗನ ಕೈಗೆ ಖಾಲಿ ಡಬ್ಬಿ ಕೊಡುತ್ತೀರಾ? ನಾಳೆ ಬರುವವನು ಇನ್ನೊಬ್ಬ. ಪುಣೆಯ ‘ಸ್ವಚ್ಛ್’ ಸಹಕಾರಿ ಸಂಸ್ಥೆಯನ್ನೂ ನೋಡಿ ಬನ್ನಿ. ಕಸ ಆಯುವವರೇ ಅದರ ಒಡೆಯರು, ಹೆಚ್ಚಿನವರು ಹೆಂಗಸರು. 1993ರಲ್ಲಿ ಕಟ್ಟಿದ ಅವರ ಸಂಘಟನೆಯ ಬೇರಿನಿಂದ ಚಿಗುರಿದ್ದು ಅದು. ಮನೆಮನೆಗೆ ಹೋಗಿ ಕಸ ಪಡೆಯುತ್ತಾರೆ, ಒಣಕಸ ವಿಂಗಡಿಸಿ ಮಾರಿದ ಹಣ ಅವರದೇ.

ನಿಮ್ಮ ಅಂಗಡಿ ಮುಚ್ಚಿದ್ದು ಆ್ಯಪ್ ಒಂದರಿಂದಲೇ ಎಂದು ನಾನು ನಂಬುವುದಿಲ್ಲ. ಎಂಟು ತಿಂಗಳು ಯಾವ ವ್ಯಾಪಾರಕ್ಕೂ ಸಾಲದು. ಕಾಲೂರುವ ತನಕ ಆಧರಿಸುವ ಸಾಲ ಬೇಕು. ನಮ್ಮವರಿಗೆ ಇದು ಗೊತ್ತಿತ್ತು. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರಿಗಾಗಿ ಸಹಕಾರಿ ಸಂಘ ಕಟ್ಟಿದರು. ಆಗ ಅದೂ ಮುಂಬಯಿ ಪ್ರಾಂತ್ಯವೇ. ಮರುವರ್ಷ ಇದೇ ಮುಂಬಯಿಯಲ್ಲಿ ಎಸ್. ಎಸ್. ತಲ್ಮಕಿಯವರು ನಮ್ಮ ಕರಾವಳಿ ಮೂಲದ ಚಿತ್ರಾಪುರ ಸಾರಸ್ವತ ಬಂಧುಗಳಿಗಾಗಿ ಶಾಮರಾವ್ ವಿಠಲ್ ಸಹಕಾರಿ ಸಂಘ ತೆರೆದರು.

ಇಂದು? ಮುಂಬಯಿಯ ನಮ್ಮ ಕನ್ನಡ ಸಂಘಗಳ ಸಭಾಭವನಕ್ಕೆ ಏಸಿ ಬಂತು, ವಾರ್ಷಿಕೋತ್ಸವಕ್ಕೆ ದಾನಿಗಳ ಬ್ಯಾನರು ಬಂತು. ನಾಲ್ವರು ಹೆಂಗಸರ ಅಂಗಡಿಗೆ ಐವತ್ತು ಸಾವಿರ ಸಾಲ ಕೊಡೋಣವೆಂದು ಎಷ್ಟು ಸಭೆಗಳಲ್ಲಿ ಮಾತಾಯಿತು? ಹೋದ ತಿಂಗಳು ಅಂಥದೊಂದು ಸಮಾರಂಭದಲ್ಲಿ ಪರಿಸರದ ಭಾಷಣ ಕೇಳುತ್ತ ಕುಳಿತಿದ್ದೆ. ಕುರ್ಚಿಗಳ ಕೆಳಗೆಲ್ಲ ಒಂದೇ ಗುಟುಕು ಕುಡಿದು ಬಿಟ್ಟ ನೀರಿನ ಬಾಟಲಿಗಳು ಉರುಳಾಡುತ್ತಿದ್ದವು. ಉಡುಪಿ ಹೋಟೆಲಿನಲ್ಲಿ ಸ್ಟೀಲ್ ಲೋಟ ತೊಳೆದು ಮುಂದೆ ಬಂದ ಜನ ನಾವು. ನಮ್ಮದೇ ಮದುವೆಗಳಿಗೆ ಲೋಟ ಬೇಡವಾಯಿತು. ಈ ಸಂಕಟ ಯಾರಲ್ಲಿ ಹೇಳಿಕೊಳ್ಳಲಿ?

ತಂಗೀ, ತಕ್ಕಡಿ, ಎಣ್ಣೆಯ ಪೀಪಾಯಿ ಇನ್ನೂ ಇವೆಯೇ? ಇದ್ದರೆ ಮಾರಬೇಡಿ. ಉಳಿದ ಮೂವರನ್ನೂ ಕರೆದಿಡಿ, ಬರುವ ಭಾನುವಾರ ನಾನೇ ಡೊಂಬಿವಲಿಗೆ ಬರುತ್ತೇನೆ. ಸಾಲದ ಮಾತನ್ನು ಯಾರ ಬಳಿ ಎತ್ತಬೇಕೆಂದು ಕೂತು ಯೋಚಿಸೋಣ. ಕೊಬ್ಬರಿ ಎಣ್ಣೆಗೆ ನನ್ನ ಎರಡು ಡಬ್ಬಿಯನ್ನೂ ತರುತ್ತೇನೆ.

— ಸಂಪಾದಕ