ತಂಗಿ ಮತ್ತೆ ವಿಮಾನದ ಡ್ಯೂಟಿಗೆ ಹೋಗಬಹುದಾ? (2020ರ ಕೊರೊನಾ ಕಾಲದಲ್ಲಿ ಕೊಟ್ಟ ಉತ್ತರ)

ಅಣ್ಣಾರೆ, ಗಗನಸಖಿಯಾಗಿರೋ ತಂಗಿ ಕೊರೊನಾದಿಂದ ವಿಮಾನ ನಿಂತ ಮಾರ್ಚ್‌ನಿಂದ ಬಳ್ಳಾರಿ ಮನೆಯಲ್ಲೇ ಇದ್ದಾರೆ, ಈಗ ಬೆಂಗಳೂರಿಗೆ ಡ್ಯೂಟಿಗೆ ಕರೆದಿದ್ದಾರೆ, ಯೂನಿಯನ್ ಮಾತ್ರ ‘ಡ್ಯೂಟಿಗೆ ಬರೋ ಒಪ್ಪಿಗೆ ಪತ್ರಕ್ಕೆ ಈಗಲೇ ಸಹಿ ಬೇಡ’ ಅಂತಿದೆ, ಏನು ಮಾಡೋದು ಅಂತ ಕೇಳಿದ್ದೀರಿ. ನನ್ನದೂ ಅದೇ ಕೆಲಸ, ಊರು ಕೊಪ್ಪಳ. 2020ರ ಮೇ 25ಕ್ಕೆ ದೇಶದೊಳಗಿನ ವಿಮಾನ ಮತ್ತೆ ಶುರುವಾದಾಗಿಂದ ಡ್ಯೂಟಿ ಮಾಡುತ್ತಿದ್ದೇನೆ.

ಯೂನಿಯನ್ ಹೇಳಿದ್ದು ಸರಿ. ಕೆಲಸಕ್ಕೆ ಬರಲ್ಲ ಅನ್ನೋದು ಬೇರೆ, ಮೊದಲು ಕಂಪನಿ ಬರೆದು ಕೊಡಲಿ ಅನ್ನೋದು ಬೇರೆ. ಜೊತೆಯವರಿಗೆ ಕೊರೊನಾ ಪಾಸಿಟಿವ್ ಬಂದು ತಂಗಿಯೂ ಕ್ವಾರಂಟೈನ್ ಆದರೆ ಆ ದಿನಗಳ ಸಂಬಳದ ಗತಿ ಏನು? ಹಾರಿದ ಗಂಟೆಗಳ ಭತ್ಯೆ ಇಲ್ಲದೆ ಬರೀ ಮೂಲ ವೇತನ ಬಂದರೆ ಬೆಂಗಳೂರಲ್ಲಿ ಬಾಡಿಗೆ ಕಟ್ಟೋದೇ ಕಷ್ಟ, ಅಲ್ವಾ? ಇದನ್ನೇ ಮೊದಲು ಕೇಳಲಿ. ಫೋನಲ್ಲಿ ಬೇಡ, ಮೇಲ್‌ನಲ್ಲಿ ಕೇಳಲಿ. ಆಸ್ಪತ್ರೆ ಖರ್ಚು, ವಿಮೆ ವಿಷಯವೂ ಅದರಲ್ಲೇ ಬರಲಿ.

ಮೇ 25ಕ್ಕೆ ಶುರುವಾದಾಗ ವಿಮಾನದಲ್ಲಿ ಊಟ-ತಿಂಡಿ ಕೊಡುವಂತಿರಲಿಲ್ಲ, ಹಾಗಾಗಿ ಓಡಾಟ ಕಡಿಮೆ ಇತ್ತು. ಆದರೆ ಸೋಂಕು ತಡೆಯಲು ಹಾಕೋ ಗೌನಿನೊಳಗೆ ಬೆವರು ಇಳಿಯುತ್ತಿತ್ತು, ಮುಖದ ಶೀಲ್ಡ್ ಮಂಜಾಗುತ್ತಿತ್ತು. ಇದೆಲ್ಲ ಹಾಕುವುದಕ್ಕಿಂತ ತೆಗೆಯುವಾಗ ಜಾಸ್ತಿ ಹುಷಾರಾಗಿರಬೇಕು. ಮೊದಲು ಗ್ಲೌಸು, ಒಳಮೈ ಹೊರಗೆ ಬರೋ ಹಾಗೆ. ಆಮೇಲೆ ಶೀಲ್ಡ್, ಗೌನ್. ಮಾಸ್ಕ್ ಕೊನೆಗೆ, ಕಿವಿಯ ದಾರ ಹಿಡಿದೇ. ನಡುನಡುವೆ ಸ್ಯಾನಿಟೈಸರ್. ಸುಸ್ತಾಗಿದೆ ಅಂತ ಗಡಿಬಿಡಿಯಲ್ಲಿ ಕಿತ್ತು ಬಿಸಾಕಬಾರದು.

ಅವ್ವನಿಗೆ ಸಕ್ಕರೆ ಕಾಯಿಲೆ ಅಂದಿದ್ದೀರಿ. ಹಾಗಿದ್ದರೆ ಎರಡು ದಿನ ರಜೆ ಸಿಕ್ಕಿತು ಅಂತ ತಂಗಿ ಬಳ್ಳಾರಿ ಬಸ್ಸು ಹತ್ತೋದು ಸದ್ಯಕ್ಕೆ ಬೇಡ.

ಆ ಒಪ್ಪಿಗೆ ಪತ್ರದಲ್ಲಿ ‘ಸ್ವಂತ ಹೊಣೆಯ ಮೇಲೆ’ ಅನ್ನೋ ಸಾಲು ಇದೆಯಾ ನೋಡಿ. ಇದ್ದರೆ ಇವತ್ತೇ ಯೂನಿಯನ್‌ನವರಿಗೆ ಕಳಿಸಿ.