ಉಬುಂಟುನಲ್ಲಿ ರ‍್ಯಾಬಿಟ್‌ಎಂಕ್ಯೂ (ಆ್ಯಪ್‌ಗಳ ನಡುವೆ ಮೆಸೇಜ್‌ಗಳನ್ನು ಕ್ಯೂನಲ್ಲಿ, ಅಂದರೆ ಸಾಲಿನಲ್ಲಿ ಇಟ್ಟು ತಲುಪಿಸುವ ಸಾಫ್ಟ್‌ವೇರ್) ಸ್ಟಾರ್ಟ್ ಆಗುತ್ತಿಲ್ಲ, ಅದಕ್ಕೂ ಮೊದಲು ಏನು ಹಾಕಬೇಕು?
ಮೊದಲು ಎರ್ಲ್ಯಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿದೆಯಾ ನೋಡಿ. ರ‍್ಯಾಬಿಟ್‌ಎಂಕ್ಯೂ ಬರೆದಿರುವುದೇ ಆ ಭಾಷೆಯಲ್ಲಿ, ಹಾಗಾಗಿ ಅದಿಲ್ಲದೆ ಇದು ಏಳುವುದೇ ಇಲ್ಲ, ಇದ್ದರೂ ಎರಡರ ವರ್ಷನ್ ಹೊಂದದಿದ್ದರೆ ಅದೇ ಕಥೆ. ಉಬುಂಟು ಜೊತೆ ಬರುವ ಪ್ಯಾಕೇಜ್ ಹೆಚ್ಚಾಗಿ ಹಳೆಯದಿರುತ್ತೆ. ರ‍್ಯಾಬಿಟ್‌ಎಂಕ್ಯೂ ತಂಡದವರದೇ ರೆಪೊಸಿಟರಿ (ಪ್ಯಾಕೇಜ್‌ಗಳು ಸಿಗುವ ಜಾಗ) ಸೇರಿಸಿಕೊಂಡು ಎರಡನ್ನೂ ಅಲ್ಲಿಂದಲೇ ಹಾಕಿ.

ನಿಮ್ಮ ಆ್ಯಪ್ 5672 ಪೋರ್ಟ್‌ಗೆ ಕನೆಕ್ಟ್ ಆಗುತ್ತೆ. ಮ್ಯಾನೇಜ್‌ಮೆಂಟ್ ಪ್ಲಗಿನ್ ಆನ್ ಮಾಡಿದರೆ ಬ್ರೌಸರ್‌ನಲ್ಲಿ 15672ರಲ್ಲಿ ಕ್ಯೂಗಳೆಲ್ಲ ಕಾಣುತ್ತವೆ. ಆದರೆ ಮೊದಲೇ ಇರುವ ಗೆಸ್ಟ್ ಯೂಸರ್‌ಗೆ ಅದೇ ಮಷಿನ್‌ನಿಂದ ಮಾತ್ರ ಲಾಗಿನ್, ಬೇರೆ ಕಡೆಯಿಂದ ಬಂದರೆ ಒಳಗೆ ಬಿಡಲ್ಲ. ಆ ಬೀಗ ತೆಗೆಯೋಕೆ ದಯವಿಟ್ಟು ಹೋಗಬೇಡಿ, ಸ್ವಂತ ಯೂಸರ್ ಮಾಡಿ ಪರ್ಮಿಷನ್ ಕೊಡಿ.

ರೀಸ್ಟಾರ್ಟ್ ಆದರೂ ಕ್ಯೂನಲ್ಲಿರುವ ಜಾಬ್‌ಗಳು ಉಳಿಯಬೇಕು ಅಲ್ವಾ? ಕ್ಯೂ ಡ್ಯೂರಬಲ್ (ರೀಸ್ಟಾರ್ಟ್ ಆದರೂ ಉಳಿಯುವಂಥದ್ದು) ಇದ್ದರೆ ಸಾಲದು, ಮೆಸೇಜ್ ಕೂಡ ಪರ್ಸಿಸ್ಟೆಂಟ್ (ಡಿಸ್ಕ್‌ಗೆ ಬರೆದಿಡುವಂಥದ್ದು) ಇರಬೇಕು.