ಹದಿಹರೆಯದ ಮಕ್ಕಳಿಗೆ ಯುದ್ಧ, ಕ್ರಾಂತಿಗಳ ಕಥೆ ಎಲ್ಲಿಂದ ಶುರು ಮಾಡಬೇಕು?

ನಮಸ್ಕಾರ. ಮಗಳು ಒಂಬತ್ತನೇ ತರಗತಿ, ಮಗ ಮೊದಲ ಪಿಯುಸಿ, ಇಬ್ಬರೂ ಫೋನಿನಲ್ಲಿ ಯುದ್ಧದ ವಿಡಿಯೊ ನೋಡಿ ಏನೇನೋ ಕೇಳುತ್ತಾರೆ ಅಂತ ಬರೆದಿದ್ದೀರಿ. ಫ್ರೆಂಚ್ ಕ್ರಾಂತಿಯಿಂದ ಎರಡನೇ ಮಹಾಯುದ್ಧದವರೆಗೆ ಇವರಿಗೆ ಎಲ್ಲಿಂದ, ಹೇಗೆ ಹೇಳಿಕೊಡೋದು ಅನ್ನೋದು ನಿಮ್ಮ ಪ್ರಶ್ನೆ. ಕೊನೆಯಲ್ಲಿ ಮಗಳ ಮಾತು ಒಂದನ್ನು ಸೇರಿಸಿದ್ದೀರಿ: "ಅಮ್ಮಾ, ಸೈನಿಕರೆಲ್ಲ ನಾವು ಗುಂಡು ಹಾರಿಸಲ್ಲ ಅಂದುಬಿಟ್ಟರೆ ಯುದ್ಧ ಹೇಗೆ ನಡೆಯುತ್ತೆ?" ಅದನ್ನು ಓದಿದ ಮೇಲೆ ಉತ್ತರ ಬರೆಯದೆ ಇರೋಕೆ ಆಗಲಿಲ್ಲ.

ನಾನು ಮಂಡ್ಯ ಕಡೆಯ ಹೈಸ್ಕೂಲೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಮೊದಲೆಲ್ಲ ನಾನೂ ಕಾರಣಗಳು, ಘಟನೆಗಳು, ಪರಿಣಾಮಗಳು ಅಂತ ಬೋರ್ಡಿನ ಮೇಲೆ ಬರೆದು ನೋಟ್ಸ್ ಕೊಡುತ್ತಿದ್ದೆ. ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಿದ್ದರು. ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಒಂದೂ ತಲೆಯಲ್ಲಿ ಇರುತ್ತಿರಲಿಲ್ಲ. ಮರೆಯೋದು ಸಹಜ, ಅದು ದೊಡ್ಡ ಮಾತಲ್ಲ. ನನಗೆ ಚಿಂತೆ ಹತ್ತಿದ್ದು ಬೇರೆ ವಿಷಯಕ್ಕೆ. ಕಾರಣಗಳ ಪಟ್ಟಿ ಓದಿದ ಮಕ್ಕಳಿಗೆ ಯುದ್ಧ ಅನ್ನೋದು ಮಳೆ ಬಂದ ಹಾಗೆ ತಾನಾಗಿ ಬಂತು ಅನ್ನಿಸಿಬಿಡುತ್ತದೆ. ಯಾರೋ ಒಬ್ಬರು ಸಹಿ ಹಾಕಿದರು, ಯಾರೋ ಸುಮ್ಮನಿದ್ದರು, ಇನ್ಯಾರೋ ಆಗಲ್ಲ ಅಂದರು. ಇದು ಯಾವುದೂ ಆ ಪಟ್ಟಿಯಲ್ಲಿ ಕಾಣೋದಿಲ್ಲ.

ಅದಕ್ಕೇ ಈಗ ನಾನು ಒಂದು ದಿನವನ್ನು ಹಿಡಿದುಕೊಳ್ಳುತ್ತೇನೆ. ಒಂದು ಊರು, ಒಂದು ದಿನ, ಒಬ್ಬಿಬ್ಬರು ಜನ. ಆ ದಿನ ಅವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಅಂತ ಮಕ್ಕಳನ್ನೇ ಕೇಳುತ್ತೇನೆ.

ಫ್ರೆಂಚ್ ಕ್ರಾಂತಿಯ 1789ರಿಂದ ಶುರು ಮಾಡಬೇಡಿ ಅನ್ನೋದು ನನ್ನ ಸಲಹೆ. ಮೊದಲ ಮಹಾಯುದ್ಧ ಶುರುವಾದ 1914ರಿಂದ ಶುರು ಮಾಡಿ. ಯಾಕೆಂದರೆ ಅಲ್ಲಿ ನಿಮ್ಮ ಮಗನಿಗಿಂತ ಎರಡು ಮೂರು ವರ್ಷ ದೊಡ್ಡವನಾದ ಒಬ್ಬ ಹುಡುಗ ಸಿಗುತ್ತಾನೆ. ಗವ್ರಿಲೊ ಪ್ರಿನ್ಸಿಪ್, ವಯಸ್ಸು 19. 1914ರ ಜೂನ್ 28ರಂದು ಬೋಸ್ನಿಯಾದ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನೆಂಡ್ ಮತ್ತು ಅವನ ಹೆಂಡತಿ ಸೋಫಿಯನ್ನು ಕೊಂದವನು. ಬೆಳಿಗ್ಗೆ ಅವನ ಜೊತೆಗಾರ ಎಸೆದ ಬಾಂಬ್ ಗುರಿ ತಪ್ಪಿತ್ತು. ಅದರಲ್ಲಿ ಗಾಯಗೊಂಡವರನ್ನು ನೋಡೋಕೆ ಅಂತ ಯುವರಾಜ ಆಸ್ಪತ್ರೆ ಕಡೆ ಹೊರಟ. ಡ್ರೈವರ್ ದಾರಿ ತಪ್ಪಿ ಬೇರೆ ಬೀದಿಗೆ ತಿರುಗಿಸಿದ. ಕಾರು ನಿಂತಲ್ಲೇ ಪ್ರಿನ್ಸಿಪ್ ಇದ್ದ. ಅವನಿಗೆ 20 ತುಂಬೋಕೆ ಇನ್ನೂ 27 ದಿನ ಇತ್ತು. 20 ತುಂಬದವರಿಗೆ ಅಲ್ಲಿನ ಕಾನೂನು ಗಲ್ಲು ಕೊಡುತ್ತಿರಲಿಲ್ಲ. 20 ವರ್ಷ ಜೈಲಾಯಿತು. 1918ರ ಏಪ್ರಿಲ್‌ನಲ್ಲಿ ಜೈಲಿನಲ್ಲೇ ಕ್ಷಯದಿಂದ ಸತ್ತ. ಯುದ್ಧ ಆಗ ಇನ್ನೂ ನಡೆಯುತ್ತಲೇ ಇತ್ತು.

ಇಷ್ಟು ಹೇಳಿದರೆ ಕ್ಲಾಸು ಸದ್ದಿಲ್ಲದೆ ಕೂತಿರುತ್ತದೆ. ಆಮೇಲೆ ಚೀಟಿ ಆಟ. ಇದನ್ನು ಮನೆಯಲ್ಲೂ ಆಡಬಹುದು. ಅಜ್ಜ, ಅಜ್ಜಿ, ಪಕ್ಕದ ಮನೆ ಮಕ್ಕಳು ಸೇರಿದರೆ ಆರು ಜನ ಆಗುತ್ತೀರಿ. ವಿಯೆನ್ನಾ, ಬೆಲ್‌ಗ್ರೇಡ್, ಸೇಂಟ್ ಪೀಟರ್ಸ್‌ಬರ್ಗ್, ಬರ್ಲಿನ್, ಪ್ಯಾರಿಸ್, ಲಂಡನ್ ಅಂತ ಒಬ್ಬೊಬ್ಬರಿಗೆ ಒಂದೊಂದು ಊರು. ಪ್ರತಿಯೊಬ್ಬರ ಚೀಟಿಯಲ್ಲಿ ಅವರು ಯಾರಿಗೆ ಮಾತು ಕೊಟ್ಟಿದ್ದಾರೆ, ಯಾರಿಗೆ ಹೆದರುತ್ತಾರೆ ಅನ್ನೋದು ಮಾತ್ರ ಇರಲಿ. ಬೇರೆಯವರ ಚೀಟಿ ನೋಡೋ ಹಾಗಿಲ್ಲ. ಆಮೇಲೆ ದಿನಾಂಕ ಓದುತ್ತಾ ಹೋಗಿ. ಜುಲೈ 23, ಕೊಲೆಯ ಹಿಂದೆ ಸರ್ಬಿಯಾದ ಕೈ ಇದೆ ಅಂತ ವಿಯೆನ್ನಾ (ಆಸ್ಟ್ರಿಯಾ) ಬೆಲ್‌ಗ್ರೇಡಿಗೆ, ಅಂದರೆ ಸರ್ಬಿಯಾಕ್ಕೆ, 48 ಗಂಟೆಯ ಗಡುವು ಕೊಟ್ಟಿತು. ಸರ್ಬಿಯಾ ಬಹುಪಾಲು ಷರತ್ತಿಗೆ ಒಪ್ಪಿತು. ಆದರೂ ಜುಲೈ 28ಕ್ಕೆ ಯುದ್ಧ ಸಾರಿದರು. ರಷ್ಯಾ ಸೈನ್ಯ ಸಜ್ಜುಗೊಳಿಸೋಕೆ ಶುರು ಮಾಡಿತು. ಪ್ರತಿ ಸಲವೂ ನಿಲ್ಲಿಸಿ, "ಈಗ ನೀನೇನು ಮಾಡ್ತೀಯ?" ಅಂತ ಕೇಳಿ.

ಒಂದು ವರ್ಷ ಬರ್ಲಿನ್ ಚೀಟಿ ಹಿಡಿದಿದ್ದ ಹುಡುಗ, ಕ್ಲಾಸಿನಲ್ಲಿ ಬಾಯೇ ಬಿಡದವನು, ಎದ್ದು ನಿಂತು ಹೇಳಿದ: "ಮಿಸ್, ಅವರು ರೆಡಿ ಆಗೋಕೆ ಮುಂಚೆ ನಾವು ಶುರು ಮಾಡದಿದ್ದರೆ ಸೋತು ಹೋಗ್ತೀವಿ. ನನಗೆ ಬೇರೆ ದಾರಿ ಇಲ್ಲ." ಬರ್ಲಿನ್ನಿನ ಸೇನಾಧಿಕಾರಿಗಳು ಹಾಕಿದ ಲೆಕ್ಕವೂ ಇದೇ. ರೈಲಿನ ವೇಳಾಪಟ್ಟಿ ಸಮೇತ ಯೋಜನೆ ತಯಾರಿತ್ತು. ತಡ ಮಾಡಿದಷ್ಟೂ ನಷ್ಟ ಅನ್ನೋ ಭಯ ಇತ್ತು. ಆ ಹುಡುಗನಿಗೆ ನಾನು ಆಗ ಒಂದು ಕಾಗದ ಕೊಟ್ಟೆ. ಜುಲೈ 29ರಿಂದ ಆಗಸ್ಟ್ 1ರವರೆಗೆ ಜರ್ಮನಿಯ ಚಕ್ರವರ್ತಿ ಮತ್ತು ರಷ್ಯಾದ ಜಾರ್ ಒಬ್ಬರಿಗೊಬ್ಬರು ಕಳಿಸಿದ ತಂತಿಗಳ ಸಾರ ಅದರಲ್ಲಿತ್ತು. ಇಬ್ಬರೂ ನೆಂಟರು. ವಿಲ್ಲಿ, ನಿಕ್ಕಿ ಅಂತ ಮನೆಯ ಹೆಸರಲ್ಲೇ ಸಹಿ ಹಾಕಿದ್ದಾರೆ. ದಯವಿಟ್ಟು ಯುದ್ಧ ತಪ್ಪಿಸು ಅಂತ ಇಬ್ಬರೂ ಕೇಳಿಕೊಂಡಿದ್ದಾರೆ. ಇಬ್ಬರ ಸೈನ್ಯವೂ ಹೊರಟಿತು. ಹುಡುಗ ಅದನ್ನು ಎರಡು ಸಲ ಓದಿ, "ಬೇರೆ ದಾರಿ ಇತ್ತು ಅನ್ಸುತ್ತೆ ಮಿಸ್" ಅಂದ. ಕೊಲೆಯಾದ 37ನೇ ದಿನ, ಆಗಸ್ಟ್ 4ರಂದು, ಬ್ರಿಟನ್ ಕೂಡ ಯುದ್ಧಕ್ಕೆ ಇಳಿದಿತ್ತು.

ಅಲ್ಲಿಂದ ಹಿಂದಕ್ಕೆ, ಫ್ರಾನ್ಸಿಗೆ ಹೋಗಿ. ಅಲ್ಲಿ ಮಾತು ಶುರುವಾಗಬೇಕಾದದ್ದು ಬ್ರೆಡ್ಡಿನಿಂದ. 1788ರ ಜುಲೈನಲ್ಲಿ ಆಲಿಕಲ್ಲು ಮಳೆ ಬಿದ್ದು ಪೈರು ಹಾಳಾಯಿತು. ಆಮೇಲೆ ಬಂದ ಚಳಿಗೆ ಸೀನ್ ನದಿಯೇ ಹೆಪ್ಪುಗಟ್ಟಿತು. 1789ರ ಹೊತ್ತಿಗೆ ಪ್ಯಾರಿಸ್ಸಿನ ಕೂಲಿಯವನ ಸಂಪಾದನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ರೆಡ್ಡಿಗೇ ಹೋಗುತ್ತಿತ್ತು. ಇದನ್ನು ಹಾಗೇ ಹೇಳಿದರೆ ಮಕ್ಕಳಿಗೆ ನಾಟೋದಿಲ್ಲ, ಲೆಕ್ಕ ಮಾಡಿಸಿ. ದಿನಕ್ಕೆ 600 ರೂಪಾಯಿ ಕೂಲಿ, ಅದರಲ್ಲಿ 350 ರೂಪಾಯಿ ಬರೀ ಅಕ್ಕಿಗೆ. ಉಳಿದ 250ರಲ್ಲಿ ಬಾಡಿಗೆ, ಸೌದೆ, ಔಷಧಿ, ಬಟ್ಟೆ. ನನ್ನ ಕ್ಲಾಸಿನ ಹೆಣ್ಣುಮಕ್ಕಳು ಈ ಲೆಕ್ಕವನ್ನು ನನಗಿಂತ ಬೇಗ ಮುಗಿಸುತ್ತಾರೆ. ಮನೆಯಲ್ಲಿ ನೋಡಿರುತ್ತಾರಲ್ವಾ.

1789ರ ಜುಲೈ 14ರಂದು ಜನ ಪ್ಯಾರಿಸ್ಸಿನ ಬ್ಯಾಸ್ಟೀಲ್ ಕೋಟೆಯ ಜೈಲಿಗೆ ನುಗ್ಗಿದ್ದು ಎಲ್ಲರಿಗೂ ಗೊತ್ತು. ಅಲ್ಲಿ ಅವತ್ತು ಇದ್ದ ಕೈದಿಗಳು ಏಳೇ ಜನ, ಜನ ನುಗ್ಗಿದ್ದು ಮುಖ್ಯವಾಗಿ ಮದ್ದಿನ ಪುಡಿಗೆ ಅಂತ ಹೇಳಿ ಮುಂದೆ ಹೋಗಿ. ನಿಲ್ಲಬೇಕಾದ ದಿನ ಅಕ್ಟೋಬರ್ 5. ಪ್ಯಾರಿಸ್ಸಿನ ಸಂತೆಯ ಹೆಂಗಸರು ಮಳೆಯಲ್ಲಿ ನೆನೆಯುತ್ತಾ, ತೋಪು ಎಳೆದುಕೊಂಡು, ಅರಸ ಇದ್ದ ವರ್ಸೈಗೆ ನಡೆದರು. ಸುಮಾರು 20 ಕಿಲೋಮೀಟರ್. ನಮ್ಮ ಮಕ್ಕಳಿಗೆ ನಾನು ಮಂಡ್ಯದಿಂದ ಮದ್ದೂರಿಗೆ ಅಂತ ಹೇಳುತ್ತೇನೆ, ತಕ್ಷಣ ಕಾಲು ನೋವು ಅರ್ಥವಾಗುತ್ತದೆ. ಮರುದಿನ ರಾಜನ ಸಂಸಾರವನ್ನೇ ಪ್ಯಾರಿಸ್ಸಿಗೆ ಕರೆತಂದರು. ಬೇಕರಿಯವನು, ಅವನ ಹೆಂಡತಿ, ಬೇಕರಿ ಹುಡುಗ ಬಂದರು ಅಂತ ಜನ ಕೂಗಿದರಂತೆ. ರಾಣಿ ಮಾರಿ ಆಂಟೊನೆಟ್ "ಬ್ರೆಡ್ ಇಲ್ಲದಿದ್ದರೆ ಕೇಕ್ ತಿನ್ನಲಿ" ಅಂದಳು ಅನ್ನೋ ಕಥೆ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ಅವಳು ಹಾಗೆ ಹೇಳಿದ್ದಕ್ಕೆ ಆಧಾರ ಇಲ್ಲ. ಇದನ್ನು ಖಂಡಿತ ಹೇಳಿ. ಫೋನಿನಲ್ಲಿ ಬರುವ ಯುದ್ಧದ ವಿಡಿಯೊ ನೋಡುವಾಗಲೂ, ಯಾರು ತೆಗೆದದ್ದು, ಯಾವಾಗ, ಎಲ್ಲಿ ಅಂತ ಕೇಳೋ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ.

ಕ್ರಾಂತಿಯನ್ನು ಬರೀ ಒಳ್ಳೆಯದು ಅಂತ ಹೇಳಿಕೊಡಬೇಡಿ, ಬರೀ ರಕ್ತಪಾತ ಅಂತಲೂ ಬೇಡ. ಕ್ರಾಂತಿಯ ನಾಯಕರಲ್ಲಿ ಒಬ್ಬನಾದ ರೊಬೆಸ್ಪಿಯರ್ 1791ರ ಮೇ ತಿಂಗಳಲ್ಲಿ ಮರಣದಂಡನೆಯನ್ನೇ ರದ್ದು ಮಾಡಬೇಕು ಅಂತ ಸಭೆಯಲ್ಲಿ ಭಾಷಣ ಮಾಡಿದ್ದ. ಆಮೇಲೆ ಅವನೇ ಮುಂದೆ ನಿಂತಿದ್ದ ಭೀತಿಯ ಆಡಳಿತದಲ್ಲಿ ಸುಮಾರು 17,000 ಜನಕ್ಕೆ ಮರಣದಂಡನೆಯಾಯಿತು. 1794ರ ಜುಲೈ 28ರಂದು ಗಿಲೊಟಿನ್ ಅನ್ನೋ ತಲೆ ಕಡಿಯುವ ಯಂತ್ರಕ್ಕೆ ಅವನೂ ತಲೆ ಕೊಟ್ಟ. ನಡುವಿನ ಮೂರು ವರ್ಷದಲ್ಲಿ ಅವನೊಳಗೆ ಏನಾಯಿತು? ನಿಮ್ಮ ಪಿಯುಸಿ ಮಗನ ಜೊತೆ ಒಂದು ಸಂಜೆ ಪೂರ್ತಿ ಇದನ್ನೇ ಮಾತಾಡಬಹುದು. ಹಾಗೇ ಹೈಟಿಯನ್ನು ಬಿಡಬೇಡಿ. ಮನುಷ್ಯರೆಲ್ಲ ಸಮಾನರು ಅಂತ ಪ್ಯಾರಿಸ್ಸಿನಲ್ಲಿ ಬರೆದಾಗ ಫ್ರಾನ್ಸಿನದೇ ಆಗಿದ್ದ, ಕೆರಿಬಿಯನ್ ಸಮುದ್ರದ ಆ ವಸಾಹತಿನ ಕಬ್ಬಿನ ತೋಟಗಳಲ್ಲಿ ಗುಲಾಮರು ದುಡಿಯುತ್ತಿದ್ದರು. 1791ರಲ್ಲಿ ಅವರು ಎದ್ದರು. 1804ರಲ್ಲಿ ಸ್ವತಂತ್ರರಾದರು.

ಇದೆಲ್ಲ ಎಲ್ಲೋ ದೂರದ್ದು ಅಂತ ಮಕ್ಕಳಿಗೆ ಅನ್ನಿಸಿದರೆ ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿ. ಟಿಪ್ಪುವಿನ ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೈನಲ್ಲಿ 16ನೇ ಲೂಯಿಯ ಮುಂದೆ ನಿಂತು ಸಹಾಯ ಕೇಳಿದರು. ಆರೇ ದಿನಕ್ಕೆ ಫ್ರಾನ್ಸಿನ ಖಜಾನೆ ತನ್ನ ಸಾಲಗಳಿಗೇ ಹಣ ಕೊಡೋಕೆ ಆಗಲ್ಲ ಅಂತ ಕೈಯೆತ್ತಿತು. ನಮ್ಮವರು ಕೇಳಿದ ಸಹಾಯ ಸಿಗದೆ ವಾಪಸ್ ಬಂದರು. ಅಮೆರಿಕದ ಕ್ರಾಂತಿಗೂ ಈ ಊರಿಗೂ ನಂಟಿದೆ. 1782ರಲ್ಲಿ ಬ್ರಿಟಿಷರ ಹಡಗೊಂದನ್ನು ಸೆರೆಹಿಡಿದ ಅಮೆರಿಕನ್ನರ ಹಡಗಿನ ಹೆಸರೇ ಹೈದರ್ ಅಲಿ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನೇ 1792ರಲ್ಲಿ ಇಲ್ಲಿ ಗೆದ್ದು, ಟಿಪ್ಪುವಿನ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಒತ್ತೆಯಾಗಿ ಕರೆದುಕೊಂಡು ಹೋದ. ಕೋಟೆ ಗೋಡೆಯ ಮೇಲೆ ಕೂತು ಇದನ್ನು ಹೇಳಿದಾಗ ನನ್ನ ಮಕ್ಕಳು ಕಾರ್ನ್‌ವಾಲಿಸ್‌ನನ್ನಾಗಲಿ ಟಿಪ್ಪುವನ್ನಾಗಲಿ ಕೇಳಲಿಲ್ಲ. ಆ ಹುಡುಗರು ವಾಪಸ್ ಬಂದರಾ ಅಂತ ಕೇಳಿದರು. ಬಂದರು, 1794ರಲ್ಲಿ.

ಎರಡನೇ ಮಹಾಯುದ್ಧಕ್ಕೆ ಬಂದಾಗ ಮಾತ್ರ ನಿಧಾನ ಮಾಡಿ. ಹೆಣಗಳ ರಾಶಿಯ ಫೋಟೊ ಮೊದಲೇ ತೋರಿಸಬೇಡಿ. ಒಂಬತ್ತನೇ ಕ್ಲಾಸಿನ ಮಗು ಅದನ್ನು ನೋಡಿ ಕಣ್ಣು ಮುಚ್ಚಿಕೊಳ್ಳುತ್ತದೆ, ಅಲ್ಲಿಗೆ ಪಾಠ ನಿಂತು ಹೋಗುತ್ತದೆ. ನಾನು ಹಿಟ್ಲರನ ಜರ್ಮನಿಯ ನಿಯಮಗಳನ್ನು ಒಂದೊಂದಾಗಿ ಓದುತ್ತೇನೆ. 1933, ಯಹೂದಿಗಳಿಗೆ ಸರ್ಕಾರಿ ಕೆಲಸ ಇಲ್ಲ. 1935, ಪೌರತ್ವ ಇಲ್ಲ, ಜರ್ಮನ್ನರ ಜೊತೆ ಮದುವೆ ಇಲ್ಲ. 1938ರ ನವೆಂಬರ್, ಮಕ್ಕಳಿಗೆ ಸರ್ಕಾರಿ ಶಾಲೆ ಇಲ್ಲ. 1941, ಗುರುತಿಗೆ ಎದೆಯ ಮೇಲೆ ಹಳದಿ ನಕ್ಷತ್ರ ಹಾಕಲೇಬೇಕು. 1942, ಮನೆಯಲ್ಲಿ ನಾಯಿ, ಬೆಕ್ಕು ಸಾಕೋ ಹಾಗಿಲ್ಲ. ಪ್ರತಿ ಸಾಲಿಗೂ ನಿಲ್ಲಿಸಿ, "ನೀನು ಪಕ್ಕದ ಮನೆಯಲ್ಲಿದ್ದರೆ ಯಾವ ವರ್ಷ ಬಾಯಿ ಬಿಡುತ್ತಿದ್ದೆ?" ಅಂತ ಕೇಳುತ್ತೇನೆ. 60 ಲಕ್ಷ ಯಹೂದಿಗಳನ್ನು ಕೊಂದರು ಅನ್ನೋ ಸಂಖ್ಯೆ ಹೇಳೋದು ಇದಾದ ಮೇಲೆ. ನಾಯಿಯ ಸಾಲು ಓದಿದಾಗ ಒಂದು ಹುಡುಗಿ ಅತ್ತುಬಿಟ್ಟಳು. ನಾನು ಪಾಠ ನಿಲ್ಲಿಸಿ ಅವಳ ಪಕ್ಕ ಹೋಗಿ ಕೂತೆ. ಅವತ್ತು ಮುಂದೆ ಪಾಠ ಮಾಡಲಿಲ್ಲ. ನೀವೂ ಹಾಗೇ ಮಾಡಿ, ಮಗು ಅತ್ತರೆ ಪುಸ್ತಕ ಮುಚ್ಚಿಡಿ, ನಾಳೆ ಓದಿದರಾಯಿತು.

ಈಗ ನಿಮ್ಮ ಮಗಳ ಪ್ರಶ್ನೆ. ಅವಳಿಗೆ 1917ರ ಪೆಟ್ರೊಗ್ರಾಡಿನ (ಚೀಟಿ ಆಟದ ಸೇಂಟ್ ಪೀಟರ್ಸ್‌ಬರ್ಗಿನದೇ ಹೊಸ ಹೆಸರು, ರಷ್ಯಾದ ಆಗಿನ ರಾಜಧಾನಿ) ಐದು ದಿನದ ಕಥೆ ಹೇಳಿ. ಮಾರ್ಚ್ 8, ಮಹಿಳಾ ದಿನ. ಬ್ರೆಡ್ಡಿನ ಕ್ಯೂನಲ್ಲಿ ನಿಂತು ಬೇಸತ್ತಿದ್ದ ಬಟ್ಟೆ ಗಿರಣಿಯ ಹೆಂಗಸರು ಕೆಲಸ ಬಿಟ್ಟು ಬೀದಿಗೆ ಬಂದರು. ರೈಲುಗಳೆಲ್ಲ ಯುದ್ಧಕ್ಕೆ ದುಡಿಯುತ್ತಿದ್ದವು, ನಗರಕ್ಕೆ ಸಾಕಷ್ಟು ಧಾನ್ಯ ಬರುತ್ತಿರಲಿಲ್ಲ. ದಿನದಿಂದ ದಿನಕ್ಕೆ ಗುಂಪು ದೊಡ್ಡದಾಯಿತು. ಮಾರ್ಚ್ 11, ಭಾನುವಾರ. ಗುಂಡು ಹಾರಿಸಿ ಅಂತ ಆಜ್ಞೆ ಬಂತು. ವೊಲಿನ್ಸ್ಕಿ ರೆಜಿಮೆಂಟಿನ ಸೈನಿಕರು ಹಾರಿಸಿದರು. ಜನ ಸತ್ತರು. ಆ ರಾತ್ರಿ ಬ್ಯಾರಕ್ಕಿನಲ್ಲಿ ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಬೆಳಿಗ್ಗೆ ಸಾರ್ಜೆಂಟ್ ಕಿರ್ಪಿಚ್ನಿಕೊವ್ ಜೊತೆ ನಿಂತು, ಇನ್ನು ಹಾರಿಸಲ್ಲ ಅಂದರು. ತಮ್ಮ ಅಧಿಕಾರಿಯನ್ನು ಕೊಂದರು, ಇದನ್ನೂ ಮುಚ್ಚಿಡಬೇಡಿ. ಪಕ್ಕದ ರೆಜಿಮೆಂಟುಗಳೂ ಸೇರಿಕೊಂಡವು. ಮಾರ್ಚ್ 15ಕ್ಕೆ ಜಾರ್ ಸಿಂಹಾಸನ ಬಿಟ್ಟ. 1914ರ ಜುಲೈನಲ್ಲಿ ತಂತಿ ಕಳಿಸುತ್ತಿದ್ದ ಅದೇ ನಿಕ್ಕಿ.

ಹಾಗಂತ ಯುದ್ಧ ನಿಲ್ಲಲಿಲ್ಲ. ಹೊಸ ಸರ್ಕಾರ ಮುಂದುವರಿಸಿತು. ನವೆಂಬರಿನಲ್ಲಿ ಲೆನಿನ್‌ನ ಪಕ್ಷದವರಾದ ಬೊಲ್ಶೆವಿಕರು ಅಧಿಕಾರ ಹಿಡಿದರು, 1918ರ ಮಾರ್ಚಿನಲ್ಲಿ ಜರ್ಮನಿಯ ಜೊತೆ ಒಪ್ಪಂದ ಮಾಡಿಕೊಂಡರು, ಆಮೇಲೆ ರಷ್ಯಾದ ಒಳಗೇ ದೊಡ್ಡ ಅಂತರ್ಯುದ್ಧ ನಡೆಯಿತು. ಇದನ್ನೆಲ್ಲ ಅವಳಿಗೆ ಎರಡನೇ ದಿನಕ್ಕೆ ಇಟ್ಟುಕೊಳ್ಳಿ.

ಮೊದಲ ದಿನ ಆ ಬ್ಯಾರಕ್ಕಿನ ರಾತ್ರಿಯಷ್ಟೇ ಸಾಕು. ಹಗಲು ಗುಂಡು ಹಾರಿಸಿದವರು ರಾತ್ರಿ ಏನು ಮಾತಾಡಿಕೊಂಡಿರಬಹುದು ಅಂತ ಅವಳಿಂದಲೇ ಒಂದು ಪುಟ ಬರೆಸಿ. ಬರೆದದ್ದನ್ನು ತಿದ್ದಬೇಡಿ. ಅವಳು ಒಪ್ಪಿದರೆ ಇಲ್ಲಿ ಹಾಕಿ, ನಮ್ಮ ಕ್ಲಾಸಿನ ಮಕ್ಕಳಿಗೆ ಓದಿ ಹೇಳುತ್ತೇನೆ. ಅವರೂ ಬರೆದು ಕಳಿಸುತ್ತಾರೆ.